ಕಣ್ಣಿಗೊಂದು ಮುಯ್ಯಾಳು

ಅವರು ಯಾರಿಗಾದರೂ ಕೈ ಮುಗಿದು ಉಪಕಾರವಾಯಿತು ಎಂದದ್ದನ್ನು ನಾನು ಕೇಳಲೇ ಇಲ್ಲ. ನಮ್ಮ ವಾರ್ಡಿನಲ್ಲಿ ಇದು ಅಪರೂಪ. ಕಣ್ಣಿನ ಪಟ್ಟಿ ಬಿಚ್ಚಿದ ಬೆಳಿಗ್ಗೆ ಜನ ಡಾಕ್ಟರಿಗೆ ಕೈ ಮುಗಿಯುತ್ತಾರೆ, ನರ್ಸಿಗೆ ಮುಗಿಯುತ್ತಾರೆ, ಕ್ಯಾಲೆಂಡರಿನ ದೇವರಿಗೆ ಮುಗಿಯುತ್ತಾರೆ, ಅದೇ ಭರದಲ್ಲಿ ಕಾಫಿ ತಂದವನಿಗೂ ಮುಗಿದುಬಿಡುತ್ತಾರೆ. ಅವರು ಮಾತ್ರ ಎರಡೂ ಕೈಗಳನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡು, ಮದುವೆ ಮನೆಯಲ್ಲಿ ಎಲೆ ಹಾಕುವುದನ್ನು ಕಾಯುವವರ ಹಾಗೆ ಮಂಚದ ಅಂಚಿನಲ್ಲಿ ಕೂತಿರುತ್ತಿದ್ದರು. ಹೊಸದಾಗಿ ಸೇರಿದ ನರ್ಸೊಬ್ಬಳು “ಆ ತಾತಂಗೆ ಎಷ್ಟು ಜಂಬ ನೋಡಿ ಮೇಡಂ” ಎಂದಳು. ಜಂಬವಲ್ಲ, ಬೇರೇನೋ ಎಂದು ನನಗೆ ಅವತ್ತೇ ಅನ್ನಿಸಿತ್ತು. ಏನೆಂದು ಸರಿಯಾಗಿ ತಿಳಿಯಲು ವರ್ಷದ ಮೇಲೆ ಹಿಡಿಯಿತು.

ಈ ಸಲದ ನವರಾತ್ರಿಯಲ್ಲಿ ಅವರು ತೀರಿಕೊಂಡರು. ಮುದ್ದೆ ಉಂಡು ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಸುದ್ದಿ ಬಂದಾಗಿನಿಂದ ಅವರ ಬಗ್ಗೆ ನಾಲ್ಕು ಮಾತು ಬರೆಯಬೇಕು ಅನ್ನಿಸುತ್ತಲೇ ಇದೆ. ಹೆಸರು ಬೇಡ. ಊರಿನವರೆಲ್ಲ ಅವರನ್ನು ಯಜಮಾನ್ರು ಅನ್ನುತ್ತಿದ್ದರು, ನನಗೂ ಹಾಗೆ ಕರೆದೇ ಅಭ್ಯಾಸ.

ನಾನು ಕೆಲಸ ಮಾಡುವುದು ತುಮಕೂರಿನ ಒಂದು ಕಣ್ಣಾಸ್ಪತ್ರೆಯಲ್ಲಿ. ಹುದ್ದೆಗೆ ಕೌನ್ಸೆಲರ್ ಎನ್ನುವ ದೊಡ್ಡ ಹೆಸರಿದೆ. ನಿಜಕ್ಕೂ ಮಾಡುವುದು ಮಾತಾಡುವ ಕೆಲಸ. ಹಳ್ಳಿಗಳಲ್ಲಿ ಶಿಬಿರ ನಡೆದಾಗ ಬಸ್ಸಿನ ಜೊತೆ ಹೋಗಬೇಕು. ಪೊರೆ ಬಂದವರನ್ನು ಒಪ್ಪಿಸಿ ಕರೆತರಬೇಕು. ಆಪರೇಷನ್ ಅಂದರೆ ಕಣ್ಣು ಕಿತ್ತು ತೊಳೆದು ಮತ್ತೆ ಕೂರಿಸುವುದಲ್ಲ ಎಂದು ನಂಬಿಸಬೇಕು. ಎಲ್ಲ ಮುಗಿದ ಮೇಲೆ ಊರಿಗೆ ಬಿಟ್ಟು ಬರಬೇಕು. ಖರ್ಚು ದಾನಿಗಳದು. ತಾಯಿಯ ನೆನಪಿಗೆಂದೋ, ಹರಕೆಯೆಂದೋ, ಸುಮ್ಮನೆ ಮನಸ್ಸಿಗೆ ಬಂತೆಂದೋ ಯಾರೋ ಒಬ್ಬರು ಯಾರದೋ ಕಣ್ಣಿನ ಭಾರ ಹೊರುತ್ತಾರೆ. ಇಬ್ಬರೂ ಒಬ್ಬರನ್ನೊಬ್ಬರು ನೋಡುವುದು ಕಡಿಮೆ.

ಯಜಮಾನ್ರನ್ನು ಮೊದಲು ನೋಡಿದ್ದು ಕೊತ್ತಗೆರೆಯ ಶಿಬಿರದಲ್ಲಿ. ಶ್ರಾವಣದ ಜಿಟಿಜಿಟಿ ಬೆಳಿಗ್ಗೆ, ಶಾಲೆಯ ಜಗುಲಿ ತುಂಬ ಜನ. ಗೇಟಿನ ಕಡೆಯಿಂದ ಒಂದು ಟವೆಲು ಉದ್ದಕ್ಕೆ ಚಾಚಿಕೊಂಡು ಬರುತ್ತಿತ್ತು. ಒಂದು ತುದಿ ಮುಂದೆ ನಡೆಯುತ್ತಿದ್ದ ಹೆಂಡತಿಯ ಕೈಯಲ್ಲಿ, ಇನ್ನೊಂದು ತುದಿ ಹಿಂದೆ ಬರುತ್ತಿದ್ದ ಇವರ ಕೈಯಲ್ಲಿ. ಕೈ ಹಿಡಿದುಕೊಂಡು ಬರಲು ನಾಚಿಕೆ, ಬಿಟ್ಟು ಬರಲು ದಾರಿ ಕಾಣದು. ಜಗುಲಿ ಹತ್ತಿ ಇವರೇ ಎಲ್ಲರಿಗೂ ಕೇಳುವ ಹಾಗೆ, “ಎಮ್ಮೆ ಹಿಡ್ಕಂಡ್ ಬಂದಂಗೆ ಹಿಡ್ಕಂಡ್ ಬಂದವ್ಳೆ ನೋಡಿ, ಸಂತೆಗೆ” ಎಂದರು. “ಎಮ್ಮೆ ಆಗಿದ್ರೆ ಹಾಲಾದ್ರೂ ಕರೀತಿತ್ತು” ಎಂದರು ಆಕೆ. ಜನ ನಕ್ಕರು. ನನಗೆ ಇಬ್ಬರೂ ಅಲ್ಲೇ ಹಿಡಿಸಿಬಿಟ್ಟರು.

ಎಡಗಣ್ಣು ಎಂದೋ ಹೋಗಿತ್ತು, ಕರಿಗುಡ್ಡೆಯ ಮೇಲೆ ಬಿಳಿ ಕಲೆ. ಬಲಗಣ್ಣಿನ ಪೊರೆ ಬಲಿತು ಹಾಲಿನ ಹಾಗಾಗಿತ್ತು. ಟಾರ್ಚು ಬಿಟ್ಟರೆ ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂದು ಹೇಳುತ್ತಿದ್ದರು. ಮುಂದೆ ಯಾರಾದರೂ ಹಾದುಹೋದರೆ ನೆರಳು ಸರಿದದ್ದು ಗೊತ್ತಾಗುತ್ತಿತ್ತು. ಅಷ್ಟೇ. ಕಣ್ಣಿಲ್ಲದವರಿಗೆ ಕಿವಿ ಚುರುಕು ಅನ್ನುತ್ತಾರಲ್ಲ, ಇವರದು ಹಾಗಲ್ಲ. ಎಷ್ಟು ಧೈರ್ಯವಾಗಿಯೋ ಅಷ್ಟೇ ತಪ್ಪಾಗಿ ಎಲ್ಲರನ್ನೂ ಗುರುತಿಸುತ್ತಿದ್ದರು. ಪರೀಕ್ಷೆ ಮಾಡಿದ ಡಾಕ್ಟರಿಗೆ “ಡ್ರೈವರಣ್ಣ, ಬಸ್ಸು ಎಷ್ಟೊತ್ಗೆ ಹೊಂಟಾತು?” ಎಂದು ಕೇಳಿದರು. ಡಾಕ್ಟರು ಒಳ್ಳೆಯವರು, ಮಧ್ಯಾಹ್ನಕ್ಕೆ ಹೊರಡುತ್ತದೆ ಎಂದರು.

ಆ ಬಸ್ಸಿನ ಪ್ರಯಾಣ ನನಗೆ ಈಗಲೂ ಆಗಾಗ ನೆನಪಿಗೆ ಬರುತ್ತದೆ, ನಿಜವಾಗಿ ನಡೆದದ್ದೋ ಕನಸೋ ಎನ್ನುವ ಹಾಗೆ. ಕುಣಿಗಲ್ಲಿನಲ್ಲಿ ಇನ್ನೂ ಕೆಲವರನ್ನು ಹತ್ತಿಸಿಕೊಂಡು ಹೊರಟಾಗ ಸೋನೆ ಹಿಡಿದಿತ್ತು. ಯಜಮಾನ್ರು ಕಿಟಕಿಯ ಸೀಟೇ ಬೇಕೆಂದು ಹಟ ಮಾಡಿ ಕೂತಿದ್ದರು. ಕಿಟಕಿಯಾಚೆ ಕೆರೆ, ಕೆರೆಯ ಮೇಲೆ ಮಂಜು, ಮಂಜು ಎಲ್ಲಿ ಮುಗಿದು ನೀರು ಎಲ್ಲಿ ಶುರುವಾಗುತ್ತದೆ ಎಂದು ನನಗೂ ಕಾಣುತ್ತಿರಲಿಲ್ಲ. “ಏನ್ ಕಾಣುತ್ತೆ ಯಜಮಾನ್ರೇ?” ಎಂದು ರೇಗಿಸಿದೆ. “ನಿಂಗೇನ್ ಕಾಣ್ತದೆ ಹೇಳು” ಎಂದರು. ಎಲ್ಲ ಬೆಳ್ಳಗಿದೆ ಎಂದೆ. “ನಂಗೂ ಅದೇಯ. ಇವತ್ತು ನೀನೂ ನಾನೂ ಒಂದೇ ಕಣವ್ವ” ಎಂದು ಖುಷಿಯಾಗಿ ನಕ್ಕರು. ಹೆಬ್ಬೂರು ದಾಟುವವರೆಗೂ ಕಿಟಕಿಯಿಂದ ಅಂಗೈ ಹೊರಗೆ ಚಾಚಿ, ಹನಿ ಬಿದ್ದದ್ದನ್ನು ಮುಖಕ್ಕೆ ಸವರಿಕೊಳ್ಳುತ್ತಿದ್ದರು. ಬಸ್ಸಿನ ಮುದುಕರೆಲ್ಲ ತೂಕಡಿಸುತ್ತಿದ್ದರು, ಟೇಪಿನಲ್ಲಿ ಯಾವುದೋ ವಚನ ಸಣ್ಣಗೆ ಕೇಳುತ್ತಿತ್ತು. ಆ ದಾರಿ ಮುಗಿಯದೇ ಇದ್ದರೂ ಆಗುತ್ತಿತ್ತು.

ಸಂಜೆ ವಾರ್ಡಿನಲ್ಲಿ ಗಂಟು ಬಿತ್ತು. ಪಕ್ಕದ ಮಂಚದವರು ಯಾರೋ, ಇದೆಲ್ಲ ದಾನಿಗಳು ಮಾಡಿಸುವುದು ಎಂದಿದ್ದಾರೆ. ನಾನು ಹೋಗುವಷ್ಟರಲ್ಲಿ ಯಜಮಾನ್ರು ಪಂಚೆ ಬಿಗಿ ಮಾಡಿ, ಟವೆಲು ಕೊಡವಿ ಎದ್ದು ನಿಂತಿದ್ದರು. ಹೆಂಡತಿ ತಲೆ ಮೇಲೆ ಕೈ ಹೊತ್ತು ಕೂತಿದ್ದರು.

“ಇದು ಸರ್ಕಾರದ್ದಲ್ವಂತೆ?”

“ಅಲ್ಲ ಯಜಮಾನ್ರೇ. ಆದ್ರೆ ನಿಮ್ಮದೇನೂ ಖರ್ಚಿಲ್ಲ.”

“ಸರ್ಕಾರದ್ದಾದ್ರೆ ಸರಿ. ನಾನೂ ಕಂದಾಯ ಕಟ್ಟೀವ್ನಿ. ಇದ್ಯಾರು ಮಾಡ್ಸೋರು? ಯಾವೂರು? ಅವರ ಹೊಲ ಎಲ್ಲೈತೆ?”

ಹೊಲದ ಮಾತು ಯಾಕೆ ಬಂತೆಂದು ನನಗೆ ತಟ್ಟನೆ ಹೊಳೆಯಲಿಲ್ಲ. ಹೆಂಡತಿಯೇ ಹೇಳಿದರು, ಇವರಿಗೆ ಮುಯ್ಯಾಳಿನ ಚಿಂತೆ ಎಂದು. ನನ್ನ ತವರು ಗುಬ್ಬಿ ಕಡೆ. ಅಲ್ಲೂ ಅದು ಇತ್ತು. ಕೂಲಿ ಕೊಡಲು ಕೈಯಲ್ಲಿ ಕಾಸಿಲ್ಲದವರು ಕಂಡುಕೊಂಡ ದಾರಿ. ಇವತ್ತು ನೀವು ನನ್ನ ರಾಗಿ ಕೊಯ್ಲಿಗೆ ಬಂದಿರಿ, ನಾಳೆ ನಾನು ನಿಮ್ಮ ಹೊಲಕ್ಕೆ ಬರುತ್ತೇನೆ. ಒಂದು ಆಳಿಗೆ ಒಂದು ಆಳು. ಮಧ್ಯಾಹ್ನದ ಮುದ್ದೆ ಹೊಲದವರದು. ಬಂದವರಿಗೆ ಯಾರೂ ಉಪಕಾರ ಎನ್ನುವುದಿಲ್ಲ, ಅಂದರೆ ತೀರಿಸುವ ಮನಸ್ಸಿಲ್ಲ ಎಂದು ಅರ್ಥವಾಗಿಬಿಡುತ್ತದೆ. ಈಗ ಗುಬ್ಬಿ ಕಡೆ ಕೊಯ್ಯುವ ಮೆಷಿನ್ನು ಬರುತ್ತದೆ, ನಾನಂತೂ ಆ ಪದವನ್ನೇ ಮರೆತಿದ್ದೆ.

ಯಜಮಾನ್ರ ಸಂಕಟ ಎರಡು ಮಡಿಕೆಯದು. ಕಣ್ಣು ಮಸುಕಾದ ಮೇಲೆ ಅವರ ಹೊಲಕ್ಕೆ ಊರವರು ಬಂದು ಕೊಯ್ದು ಕೊಟ್ಟಿದ್ದರು, ಒಂದು ವರ್ಷವಲ್ಲ, ಮೇಲಿಂದ ಮೇಲೆ. ಇವರು ಒಬ್ಬರ ಹೊಲಕ್ಕೂ ತಿರುಗಿ ಹೋಗಲು ಆಗಿರಲಿಲ್ಲ. ಊರಿನ ಅರ್ಧ ಮನೆಗಳ ಆಳು ಇವರ ತಲೆ ಮೇಲಿತ್ತು. ಅದನ್ನು ತೀರಿಸದೆ ಸಾಯಬಾರದು, ಅದಕ್ಕೇ ಕಣ್ಣು ಬೇಕು. ಆದರೆ ಆ ಕಣ್ಣಿಗಾಗಿ, ಎಲ್ಲಿದ್ದಾನೆಂದೇ ಗೊತ್ತಿಲ್ಲದ ಒಬ್ಬನ ಮುಯ್ಯಾಳನ್ನು ಮೈಮೇಲೆ ಎಳೆದುಕೊಳ್ಳಬೇಕು. ಅವನನ್ನು ಎಲ್ಲಿ ಹುಡುಕುವುದು, ಯಾವ ಹೊಲದಲ್ಲಿ ತೀರಿಸುವುದು?

“ದಾನ ಅಂದ್ರೆ ಹಂಗೆಲ್ಲ ತೀರ್ಸೋ ಹಂಗಿಲ್ಲ ಯಜಮಾನ್ರೇ” ಎಂದೆ.

“ತೀರ್ಸೋ ಹಂಗಿಲ್ದಿದ್ರೆ ಇಸ್ಕಳೋ ಹಂಗೂ ಇಲ್ಲ ಬುಡು” ಎಂದರು. “ಪುಕ್ಸಟ್ಟೆ ಕಣ್ಣಲ್ಲಿ ನೋಡುದ್ರೆ ಎದ್ರುಗೆ ಬಂದೋರ ಮಕ ಹೆಂಗವ್ವ ನೋಡ್ಲಿ? ಬೆಳಿಗ್ಗೆ ನಮ್ಮನ್ನ ಬಸ್ ಹತ್ತುಸ್ಬುಡು.”

ದಾನಿ ಯಾರೆಂದು ನನಗೆ ಗೊತ್ತಿತ್ತು. ಶಿರಾ ಗೇಟಿನ ಹತ್ತಿರ ಗೋಣಿಚೀಲ, ಹಗ್ಗ, ಟಾರ್ಪಾಲಿನ ಅಂಗಡಿ ಇಟ್ಟ ಸಾಹುಕಾರ್ರು. ಹಣೆ ತುಂಬ ವಿಭೂತಿ, ಮೈ ತುಂಬ ಬೆವರು, ಮೆಲುದನಿ. ಸತ್ತ ತಾಯಿಯ ನೆನಪಿಗೆ ವರ್ಷವರ್ಷ ಒಂದಷ್ಟು ಕಣ್ಣು ಮಾಡಿಸುತ್ತಿದ್ದರು, ಹೆಸರು ಎಲ್ಲೂ ಬರಬಾರದು ಎಂದು ಕಟ್ಟುನಿಟ್ಟು. ಉಪ್ಪಾರಹಳ್ಳಿಗೆ ಮನೆಗೆ ಹೋಗುವ ಬದಲು ಅವತ್ತು ಶಿರಾ ಗೇಟಿಗೆ ಹೋದೆ. ಟ್ರಾಫಿಕ್ಕಿನ ಗದ್ದಲದಲ್ಲಿ, ಚೀಲದ ಧೂಳಿನಲ್ಲಿ ನಿಂತು ಎಲ್ಲ ಹೇಳಿದೆ. ಅವರು ಕೇಳಿ ಕೇಳಿ, ಕನ್ನಡಕ ತೆಗೆದು ಒರೆಸಿ, “ಹೊಲ ಎಲ್ಲಿದೆ ಅಂದ್ರಾ?” ಎಂದು ಮತ್ತೊಮ್ಮೆ ಕೇಳಿದರು. ಹೆಸರು ಹೇಳಬಹುದಾ ಎಂದೆ. ಅವರು ವಾರ್ಡು ಯಾವುದು ಎಂದು ಕೇಳಿದರು.

ಬೆಳಿಗ್ಗೆ ನಾನು ವಾರ್ಡಿಗೆ ಹೋದಾಗ ಸಾಹುಕಾರ್ರು ಆಗಲೇ ಬಂದು ಯಜಮಾನ್ರ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತಿದ್ದರು. ದಾನಿಗೆ ಆ ಸ್ಟೂಲು ಸಾಲುತ್ತಿರಲಿಲ್ಲ. ಯಜಮಾನ್ರು ಅವರ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು, ಸಂತೆಯಲ್ಲಿ ಬದನೆಕಾಯಿ ನೋಡುವ ಹಾಗೆ ಒತ್ತಿ ಒತ್ತಿ ನೋಡುತ್ತಿದ್ದರು.

“ಮೆತ್ತುಗೈತಲ್ಲಪ್ಪ. ಹೊಲ ಎಷ್ಟೈತೆ?”

“ಹೊಲ ಇಲ್ಲ ಯಜಮಾನ್ರೇ. ತಾತನ ಕಾಲದಲ್ಲಿ ಗುಬ್ಬಿ ಹತ್ರ ಇತ್ತು. ಮಾರಾಯ್ತು.”

“ಒಂದ್ ತುಂಡೂ ಇಲ್ವಾ?”

“ಇಲ್ಲ.”

ಯಜಮಾನ್ರು ಆ ಕೈಯನ್ನು ಮೆಲ್ಲಗೆ ಸವರಿದರು. “ಅಯ್ಯೋ ಪಾಪ” ಎಂದರು. ಅಷ್ಟು ನಿಜವಾದ ಮರುಕವನ್ನು ಆ ಸಾಹುಕಾರ್ರಿಗೆ ಯಾರೂ ತೋರಿಸಿರಲಾರರು. ಅವರ ಮುಖ ನೋಡಬೇಕಿತ್ತು. ತಪ್ಪೊಪ್ಪಿಕೊಳ್ಳುವವರ ಹಾಗೆ, “ಅಂಗಡಿ ಐತೆ. ಗೋಣಿಚೀಲದ್ದು” ಎಂದರು.

“ಹರ್ದಿರೋ ಚೀಲ ಇರ್ತಾವಾ?”

“ರಾಶಿ ಬಿದ್ದವೆ.”

“ಹಂಗಾದ್ರೆ ಒಂದಿನ ಬಂದು ದಬ್ಬಳ ಹಿಡ್ದು ಹೊಲ್ದು ಕೊಡ್ತೀನಿ. ಕಣ್ಣು ಬಂದ್ರೆ. ಬರ್ದೇ ಹೋದ್ರೆ?”

“ಬರ್ದೇ ಹೋದ್ರೆ ಕೆಲ್ಸ ಆಗ್ಲಿಲ್ಲ ಅಂತ ತಾನೇ ಅರ್ಥ? ನಿಮ್ಮದು ನನ್ ಮೇಲಿಲ್ಲ, ನಂದು ನಿಮ್ ಮೇಲಿಲ್ಲ.”

“ಅದು ನ್ಯಾಯ” ಎಂದು ಯಜಮಾನ್ರು ಮತ್ತೆ ಮಂಚದ ಮೇಲೆ ಕಾಲು ಚಾಚಿದರು. “ಎಲ್ಲವ್ವ ನಿನ್ ಡಾಕ್ಟ್ರು? ಕರಿ.”

ಇದ್ದದ್ದು ಒಂದೇ ಕಣ್ಣು, ಆಪರೇಷನ್ ಮಾಡಿದ ಡಾಕ್ಟರಿಗೂ ಆ ರಾತ್ರಿ ನಿದ್ದೆ ಬಂದಿರಲಿಕ್ಕಿಲ್ಲ. ಮರುದಿನ ಪಟ್ಟಿ ಬಿಚ್ಚಿ, ಬೆರಳು ಎತ್ತಿ ಎಷ್ಟು ಎಂದು ಕೇಳಿದರು. ಯಜಮಾನ್ರು ಬೆರಳು ನೋಡಲೇ ಇಲ್ಲ. ಕಿಟಕಿಯ ಕಡೆಗೆ ಕತ್ತು ತಿರುಗಿಸಿ ಕೂತುಬಿಟ್ಟಿದ್ದರು. ಮಳೆ ಬಿಟ್ಟು ಆಕಾಶ ತೊಳೆದ ಹಾಗಿತ್ತು. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಕಡೆಗೆ ಯಜಮಾನ್ರು ಬಾಯಿ ಬಿಟ್ಟರು. “ಇಷ್ಟೊಂದ್ ನೀಲಿ ಯಾಕ್ ಹಾಕ್ಬುಟ್ರು? ಪಂಚೆಗೆ ಹಾಕ್ದಂಗೆ.”

ಪೊರೆ ತೆಗೆದ ಮೇಲೆ ಕೆಲವು ದಿನ ನೀಲಿ ಹೆಚ್ಚಾಗಿ ಕಾಣುವುದು ಸಹಜ, ನಾವು ಎಲ್ಲರಿಗೂ ಹೇಳುತ್ತೇವೆ. ಆದರೆ ಆವತ್ತು ಕಿಟಕಿ ನೋಡಿದ ನನಗೂ ಆಕಾಶಕ್ಕೆ ಒಂದು ಕೈ ನೀಲಿ ಜಾಸ್ತಿಯೇ ಬಿದ್ದ ಹಾಗೆ ಕಂಡಿತು. ಆಮೇಲೆ ಅವರು ತಮ್ಮ ಕೈಗಳನ್ನು ಮುಂದೆ ಹಿಡಿದು ನೋಡಿಕೊಂಡರು. “ಇದ್ಯಾರ್ದು? ನಮ್ಮಪ್ಪನ ಕೈ ಇದ್ದಂಗೈತೆ.” ಹೆಂಡತಿಯನ್ನು ನೋಡಿ “ಮುಂದುಗಡೆ ಹಲ್ಲು ಯಾವಾಗ್ ಬಿತ್ತೇ?” ಎಂದರು. ಆಕೆ ಮದುವೆ ಹೆಣ್ಣಿನ ಹಾಗೆ ಮುಖ ಮುಚ್ಚಿಕೊಂಡರು. ಕೊನೆಗೆ ನನ್ನ ಸರದಿ. “ಇವಳ್ಯಾರು?” ನಾನೇ ಯಜಮಾನ್ರೇ ಎಂದೆ. ಅವರು ನಂಬಲಿಲ್ಲ, ಇನ್ನೊಂದು ಮಾತಾಡಿಸಿ ಖಚಿತ ಮಾಡಿಕೊಂಡರು. “ದನಿ ಕೇಳಿ ಒಳ್ಳೆ ದಪ್ಪುಕ್ಕಿದ್ದೀಯ ಅಂದ್ಕಂಡಿದ್ದೆ. ಊಟ ಗೀಟ ಮಾಡಾಕಿಲ್ವ ನೀನು?”

ಆ ದಿನವೇ ಒಂದು ರಂಪವೂ ಆಯಿತು. ನಾನು ಕಣ್ಣಿನ ಹನಿ ತರಲು ಹೋಗಿ ಬರುವಷ್ಟರಲ್ಲಿ ಯಜಮಾನ್ರು ಆಯಮ್ಮನ ಕೈಯಿಂದ ಪೊರಕೆ ಕಸಿದುಕೊಂಡು ವಾರ್ಡು ಗುಡಿಸಲು ಹೊರಟಿದ್ದರು. ವಾರ್ಡಿನಲ್ಲಿ ಉಂಡ ಊಟಕ್ಕಂತೆ; ಆಪರೇಷನ್ನಿನದು ಬೇರೆ, ಅದು ಗೋಣಿಚೀಲದ ಖಾತೆ. ಬಗ್ಗಬಾರದು, ಭಾರ ಎತ್ತಬಾರದು, ತಲೆಗೆ ನೀರು ಹಾಕಬಾರದು, ಹೊಗೆಯ ಮುಂದೆ ಕೂರಬಾರದು ಎಂದು ನಾನು ಕೂಗಾಡಿದೆ. “ಬಗ್ದೆ ಮಾಡೋ ಕೆಲ್ಸ ಯಾವ್ದೈತೆ ಹೇಳು” ಎಂದರು. ನಾನು ಪೊರಕೆ ಕಿತ್ತುಕೊಂಡೆ. “ಐತೆ, ನಿಂದೇ. ನಿಂತ್ಕಂಡ್ ಮಾತಾಡೋದು” ಎಂದು ಅವರೇ ಹೇಳಿ, ಪಕ್ಕದ ಮಂಚದಲ್ಲಿ ಆಪರೇಷನ್ನಿಗೆ ಹೆದರಿ ಕೂತಿದ್ದ ಮುದುಕಿಗೆ ಧೈರ್ಯ ಹೇಳಲು ಹೋದರು. ಹೇಳಿ ಹೇಳಿ ಇನ್ನಷ್ಟು ಹೆದರಿಸಿದರು. ನಾನು ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು.

ಎಡಗಣ್ಣಿನ ಕಥೆಯನ್ನು ಅವರು ಹೇಳಿದವರಲ್ಲ, ಹೆಂಡತಿಯಿಂದ ತಿಳಿದದ್ದು. ಮದುವೆಯಾದ ಹೊಸತು. ಯಾರದೋ ಕಣದಲ್ಲಿ ಮುಯ್ಯಾಳಿಗೆ ಹೋಗಿ ಹುರುಳಿ ಬಡಿಯುವಾಗ ಸಿಪ್ಪೆಯ ಚೂರು ಕಣ್ಣಿಗೆ ಹಾರಿತ್ತು. ಸೊಪ್ಪಿನ ರಸ ಬಿಟ್ಟರು, ಕಣ್ಣು ಕೆಟ್ಟಿತು. ಹೊಟ್ಟೆ ಉರಿಯುವುದು ಅದಕ್ಕಲ್ಲ ಎಂದರು ಆಕೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ನೋವು ಇಳಿಯುವ ಮೊದಲೇ, ಮತ್ತೆ ಅದೇ ಕಣಕ್ಕೆ ಹೋದರಂತೆ. “ಅವತ್ತು ಮಧ್ಯಾಹ್ನಕ್ಕೇ ಎದ್ದು ಬಂದಿದ್ದೆ, ಅರ್ಧ ದಿನ ಬಾಕಿ ಐತೆ” ಎಂದು. “ಅಂಥಾ ಗಂಡನ್ನ ಕಟ್ಕಂಡು ಏನ್ ಮಾಡ್ಲವ್ವ ನಾನು?” ಎಂದು ಆಕೆ ನನ್ನನ್ನು ಕೇಳಿದರು. ಬೈಯುತ್ತಿದ್ದಾರೋ ಹೆಮ್ಮೆಪಡುತ್ತಿದ್ದಾರೋ ಗೊತ್ತಾಗಲಿಲ್ಲ. ಅವರಿಗೂ ಗೊತ್ತಿರಲಿಲ್ಲ ಅನ್ನಿಸುತ್ತದೆ.

ಕಾರ್ತಿಕ ಕಳೆದು ಅವರ ಕಡೆ ರಾಗಿ ಕೊಯ್ಲು ಶುರುವಾಯಿತು. ಆಗೊಮ್ಮೆ ಈಗೊಮ್ಮೆ ಪಕ್ಕದ ಮನೆಯವರ ಮೊಬೈಲಿನಿಂದ ಫೋನು ಬರುತ್ತಿತ್ತು. ನಾನು ಹಲೋ ಎನ್ನುವುದಕ್ಕೆ ಬಿಡದೆ, “ಇವತ್ತು ಕೆರೆ ಕೆಳ್ಗಿನೋರ ಹೊಲ ಕಣವ್ವ, ಮುಗೀತು” ಎಂದು ಹೇಳಿ ಇಟ್ಟುಬಿಡುತ್ತಿದ್ದರು. ಹಿಂದೆ ಜನರ ಮಾತು, ನಗು, ಎಲ್ಲೋ ಒಂದು ಹಸುವಿನ ಕೂಗು ಕೇಳಿ ಕಡಿದುಹೋಗುತ್ತಿತ್ತು. ಆಸ್ಪತ್ರೆಯ ಕಾರಿಡಾರಿನಲ್ಲಿ ಫೋನು ಹಿಡಿದು ನಿಂತ ನನಗೆ ಒಂದು ಗಳಿಗೆ ಒಣ ರಾಗಿ ಹುಲ್ಲಿನ ವಾಸನೆ ಬಂದ ಹಾಗಾಗುತ್ತಿತ್ತು. ಒಂದು ದಿನ ಮಾತ್ರ ದನಿಯಲ್ಲಿ ಸಿಟ್ಟಿತ್ತು. ಒಬ್ಬರು, ವಯಸ್ಸಾಯಿತು ನಿಮಗೆ, ನಮ್ಮದು ಬುಡಿ ಅಂದರಂತೆ. “ಬುಡು ಅಂದ್ರೆ ಹೆಂಗ್ ಬುಡ್ಲಿ? ಅವ್ರ್ ದಿನ ನನ್ ತಲೆ ಮೇಲೇ ಇರ್ಲಾ? ಹೋಗಿ ಕುಯ್ದು ಬಂದೆ. ಬಾಯ್ ಮುಚ್ಕಂಡ್ ಮುದ್ದೆ ಇಕ್ಕುದ್ರು.”

ಸಂಕ್ರಾಂತಿ ಆದ ಮೇಲೆ ಒಂದು ಬೆಳಿಗ್ಗೆ ಸಾಹುಕಾರ್ರು ಫೋನು ಮಾಡಿದರು. “ಮೇಡಂ, ಯಜಮಾನ್ರು ಬಂದವ್ರೆ. ಅಂಗಡಿ ಮುಂದೆ ಕೂತವ್ರೆ. ಏನ್ ಮಾಡ್ಲಿ?” ಚೀಲ ಕೊಡಿ ಎಂದೆ.

ಮಧ್ಯಾಹ್ನ ಹೋಗಿ ನೋಡಿದೆ. ಶಿರಾ ಗೇಟಿನಲ್ಲಿ ಬಸ್ಸು, ಲಾರಿ, ಆಟೋಗಳ ಗಲಾಟೆ. ಅಂಗಡಿಯ ಒಳಗೆ, ಗೋಣಿ ರಾಶಿಯ ನಡುವೆ, ಬಾಗಿಲಿನಿಂದ ಬಿದ್ದ ಬಿಸಿಲಿನ ಚೌಕದಲ್ಲಿ ಯಜಮಾನ್ರು ಕಾಲು ಮಡಿಸಿ ಕೂತಿದ್ದರು. ಗೋಣಿಯ ಸಣ್ಣ ಎಳೆಗಳು ಬಿಸಿಲಲ್ಲಿ ತೇಲುತ್ತಿದ್ದವು. ದಬ್ಬಳವನ್ನು ಬೆಳಕಿಗೆ ಹಿಡಿದು, ಹುರಿಯ ತುದಿಯನ್ನು ನಾಲಿಗೆಗೆ ತಾಗಿಸಿ, ಒಂದೇ ಸಲಕ್ಕೆ ಪೋಣಿಸಿದರು. ಪೋಣಿಸಿ ನನ್ನ ಕಡೆ ನೋಡಿದರು. ಎಷ್ಟೋ ಜನರ ಪಟ್ಟಿ ಬಿಚ್ಚಿದ್ದನ್ನು ನೋಡಿದ್ದೇನೆ, ಆದರೆ ಕಣ್ಣು ಬಂತು ಎಂದು ನನ್ನ ಮೈಗೆ ಗೊತ್ತಾದದ್ದು ಆಗ.

ಊಟ ಸಾಹುಕಾರ್ರ ಮನೆಯದು, ಅದು ಹೊಲದವರ ಪದ್ಧತಿ. ಸಂಜೆಯ ಬಸ್ಸು ತಪ್ಪಿಸಿಕೊಂಡು ಯಜಮಾನ್ರು ಉಪ್ಪಾರಹಳ್ಳಿಯ ನನ್ನ ಮನೆಯ ಹಜಾರದಲ್ಲಿ ಮಲಗಿದರು. ನಾನೊಬ್ಬಳೇ ಇರುವ ಮನೆ; ಗೋಡೆಯ ಸುಣ್ಣ ಎದ್ದದ್ದನ್ನು ಹೊಸ ಕಣ್ಣಿನಲ್ಲಿ ಕೂಲಂಕಷವಾಗಿ ನೋಡಿ ಬೈದರು. ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಹೋಗುತ್ತಾರೆ ಅಂದುಕೊಂಡರೆ ಮತ್ತೆ ಅಂಗಡಿಗೇ ಹೋಗಿ ಕೂತರು. “ಇವತ್ಯಾಕೆ ಯಜಮಾನ್ರೇ? ನೆನ್ನೆಗೆ ತೀರ್ತಲ್ಲ” ಎಂದರು ಸಾಹುಕಾರ್ರು.

“ನೆನ್ನೇದು ನನ್ನ ಕಣ್ಣಿಂದು. ತೀರ್ತು. ಇವತ್ತಿಂದು ನಿಮ್ ಮೇಲೆ. ನಮ್ ರಾಗಿ ಕುಯ್ಲಿಗೆ ಬಂದು ತೀರ್ಸಿ.”

“ನನಗೆ ಕುಡ್ಲು ಹಿಡಿಯಾಕೂ ಬರಲ್ಲ!”

“ಹೇಳ್ಕೊಡ್ತೀನಿ ಬನ್ನಿ.”

ಬಸ್ ಹತ್ತಿಸಲು ಹೋದಾಗ, ಆ ಪಾಪದ ಮನುಷ್ಯನನ್ನು ಯಾಕೆ ಸಿಕ್ಕಿಸಿದಿರಿ ಎಂದು ಕೇಳಿದೆ. ಅವರು ಬೋರ್ಡುಗಳನ್ನು ಒಂದೊಂದಾಗಿ ನೋಡುತ್ತ ನಿಂತಿದ್ದರು. ಓದಲು ಬರುತ್ತಿರಲಿಲ್ಲ, ಬಣ್ಣ ನೋಡುತ್ತಿದ್ದರು. “ಬರೀ ತೀರ್ಸ್ಬುಟ್ರೆ ಹೋಗೋದು ಬರೋದು ನಿಂತೋಯ್ತದೆ ಕಣವ್ವ” ಎಂದರು. “ಹೊಲ ಇಲ್ಲ ಪಾಪ, ಯಾರ್ ಕರೀತಾರೆ ಅವ್ರುನ್ನ?”

ಮುಂದಿನ ಕೊಯ್ಲಿಗೆ ಅವರಿರಲಿಲ್ಲ. ಸಾವಿನ ಸುದ್ದಿಯನ್ನು ಅಂಗಡಿಗೆ ಹೋಗಿಯೇ ಹೇಳಿದೆ. ಸಾಹುಕಾರ್ರು ಗಲ್ಲಾ ಬಿಟ್ಟೆದ್ದು ಬಾಗಿಲಿಗೆ ಬಂದು ರಸ್ತೆ ನೋಡುತ್ತ ನಿಂತರು. “ನಮ್ಮವ್ವಂಗೂ ಪೊರೆ ಇತ್ತು ಮೇಡಂ” ಎಂದರು. “ವಯಸ್ಸಾಯ್ತು, ಅದಕ್ಕೆ ಕಾಣಲ್ಲ ಅಂದ್ಕೊಂಡ್ವಿ. ನಾನು ಬಾಗಿಲಿಗೆ ಹೋದಾಗೆಲ್ಲ ‘ಯಾರಪ್ಪಾ?’ ಅಂತಿದ್ಲು. ನಾನೇ ಕಣವ್ವ ಅಂತಿದ್ದೆ.” ಹೊರಡುವಾಗ ಕೇಳಿದರು, ಕೊಯ್ಲು ಯಾವಾಗ ಎಂದು.

ಕೊಯ್ಲಿನ ಮುನ್ನಾದಿನ ಯಜಮಾನ್ರ ಹೆಂಡತಿಯಿಂದ ಫೋನು ಬಂತು. ಬೆಳಿಗ್ಗೆ ಸಾಹುಕಾರ್ರ ಕಾರಿನಲ್ಲಿ ಹೊರಟೆವು. ಹೆಬ್ಬೂರಿನಾಚೆ ಎಳೆಬಿಸಿಲು, ತೆಂಗಿನ ಸಾಲುಗಳ ನಡುವೆ ಇಬ್ಬನಿಯ ಹೊಗೆ. ಅವರು ಹೊಸ ಕುಡುಗೋಲು ಕೊಂಡು ತಂದಿದ್ದರು. ಸಾಣೆ ಹಿಡಿಸಿರಲಿಲ್ಲ; ಹೊಲದ ಹೆಂಗಸರು ಅದನ್ನು ಕೈಯಿಂದ ಕೈಗೆ ದಾಟಿಸಿ ನಕ್ಕು ಸಾಕಾದರು. ಯಜಮಾನ್ರ ಹೆಂಡತಿ ಒಳಗಿನಿಂದ ಒಂದು ಹಳೆಯದನ್ನು ತಂದುಕೊಟ್ಟು ಹಿಡಿಯುವ ರೀತಿ ತೋರಿಸಿದರು. ಯಾರವರು ಎಂದು ಜನ ಕೇಳಿದಾಗ ಸಾಹುಕಾರ್ರು ತಾವೇ, “ಮುಯ್ಯಾಳು” ಎಂದರು. ಜನ ಜಾಗ ಬಿಟ್ಟುಕೊಟ್ಟರು. ಬೇರೇನೂ ಕೇಳಲಿಲ್ಲ.

ಅವರು ಹೆಬ್ಬೆರಳು ಕೊಯ್ದುಕೊಂಡರು, ಅದಕ್ಕೆ ಬಟ್ಟೆ ಸುತ್ತಿಸಿಕೊಂಡು ಮತ್ತೆ ಬಗ್ಗಿದರು. ವಿಭೂತಿ ಬೆವರಿನಲ್ಲಿ ಇಳಿದುಹೋಯಿತು. ನಾನು ಸುಮ್ಮನೆ ಬದುವಿನ ಮೇಲೆ ಕೂರಲು ಬಂದವಳು. ನಾಚಿಕೆಯಾಗಿ ಸೀರೆ ಎತ್ತಿ ಕಟ್ಟಿ ಇಳಿದೆ. ಗುಬ್ಬಿಯ ಹೊಲ ಮೈಯಲ್ಲಿ ಎಲ್ಲೋ ಉಳಿದಿತ್ತು, ಕೈಗೆ ಬಂತು. ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು. ಯಾರೂ ಸತ್ತವರ ಮಾತೆತ್ತಲಿಲ್ಲ. ಆದರೆ ಸಾಲಿನಲ್ಲಿ ಒಬ್ಬರ ಜಾಗ ಖಾಲಿ ಬಿಟ್ಟ ಹಾಗೆ ನನಗೆ ದಿನವಿಡೀ ಅನ್ನಿಸುತ್ತಿತ್ತು, ಅಲ್ಲಿ ನೋಡಿದರೆ ಬರೀ ರಾಗಿ ತೆನೆ ಅಲ್ಲಾಡುತ್ತಿತ್ತು. ಅಳು ಬಂತು, ಅತ್ತುಬಿಟ್ಟೆ. ಪಕ್ಕದ ಹೆಂಗಸು ನನ್ನ ಪಾಲಿನ ಸಾಲನ್ನೂ ಎರಡು ಹೆಜ್ಜೆ ಕೊಯ್ದು ಕೊಟ್ಟಳು.

ಸಂಜೆ ಸಾಹುಕಾರ್ರು ಬಾವಿಯ ಹತ್ತಿರ ಕಾಲು ತೊಳೆಯುತ್ತಿದ್ದಾಗ ಯಜಮಾನ್ರ ಹೆಂಡತಿ ಹೋಗಿ ಎದುರು ನಿಂತರು. “ನಿಮ್ದು ತೀರ್ತು ಸಾಹುಕಾರ್ರೇ” ಎಂದರು. ಅವರು ತಲೆಯಾಡಿಸಿದರು. ಎದ್ದು, ಒದ್ದೆ ಕಾಲಿನಲ್ಲೇ, ಕೊಯ್ಯದೆ ಉಳಿದ ಅರ್ಧ ಹೊಲದ ಕಡೆ ನೋಡುತ್ತ ನಿಂತರು.

ಆಕೆ ನನ್ನ ಕಡೆ ತಿರುಗಿದರು. “ನಿಂದು ನಮ್ ಮೇಲೆ ಬಂತು ಕಣವ್ವ. ಯಾವತ್ತು ಬರ್ಲಿ?”

ಅಯ್ಯೋ ಬಿಡಿ ಅಮ್ಮ, ಪರವಾಗಿಲ್ಲ ಎಂದು ಹೇಳಲು ಬಾಯಿ ತೆರೆದೆ. ದಿನಾ ವಾರ್ಡಿನಲ್ಲಿ ಹೇಳಿ ಹೇಳಿ ಬಾಯಿಗೆ ಕೂತ ಮಾತು ಅದು. ಆಕೆ ಕಾಯುತ್ತಿದ್ದರು. ಗಂಡನಿಲ್ಲದ ಮೊದಲ ಕೊಯ್ಲು ಅದು; ಇನ್ನು ಮುಂದೆ ಆ ಮನೆಯಿಂದ ಮುಯ್ಯಾಳಿಗೆ ಹೋಗುವವರು ಆಕೆ ಒಬ್ಬರೇ. ನಾನು ಬಿಡಿ ಎಂದರೆ ಆಕೆ ಏನು ಮಾಡಬೇಕು? ನನಗೆ ಹೊಲವಿಲ್ಲ, ತೋಟವಿಲ್ಲ. ನನ್ನ ಮನೆಗೆ ನನಗಾಗಿ ಯಾರೂ ಕೆಲಸಕ್ಕೆ ಬಂದದ್ದೂ ಇಲ್ಲ.

“ಯುಗಾದಿ ಮುಂಚೆ ಮನೆಗೆ ಸುಣ್ಣ ಬಳೀಬೇಕಮ್ಮ” ಎಂದೆ. “ಒಬ್ಬಳ ಕೈಲಿ ಆಗಲ್ಲ.”

“ಅದ್ಕೇನು” ಎಂದರು ಆಕೆ. “ಹಿಂದಿನ್ ದಿನ ಫೋನ್ ಮಾಡು. ಮೊದುಲ್ನೇ ಬಸ್ಸಿಗೆ ಬತ್ತೀನಿ.”